ಹೊರೆ ಹಂಚಬಹುದು, ಕಾಯುವುದನ್ನು ಹಂಚಲಾಗದು

ಈಗ ನೀವು ಕುಳಿತಿರುವ ಕೋಣೆಯಲ್ಲಿ ಎಷ್ಟು ಪ್ರೊಸೆಸರ್‌ಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ಕೈಯಲ್ಲಿರುವ ಮೊಬೈಲ್, ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಮೊಬೈಲ್, ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಟಿವಿ, ಮೂಲೆಯಲ್ಲಿ ಮಿಣುಗುವ ರೂಟರ್. ದಿನದ ಬಹುಪಾಲು ಇವು ಸುಮ್ಮನೆ ಕುಳಿತಿರುತ್ತವೆ. ಆದರೂ ಎಐ ಸಹಾಯಕನಿಗೆ ಎರಡು ಸಾಲಿನ ಪ್ರಶ್ನೆ ಕೇಳಿದರೆ ಅದು ಎಲ್ಲೋ ದೂರದ ಡೇಟಾ ಸೆಂಟರ್‌ವರೆಗೆ ಹೋಗಿ ಉತ್ತರ ಹೊತ್ತು ಬರಬೇಕು. ಹನಿಗೂಡಿದರೆ ಹಳ್ಳವಾಗುವುದು ನಿಜವಾದರೆ, ಈ ಸಾಧನಗಳನ್ನೆಲ್ಲ ವೈಫೈ ಮೂಲಕ ಒಂದುಗೂಡಿಸಿ ದೊಡ್ಡ ಭಾಷಾ ಮಾದರಿಯೊಂದನ್ನು ಇಲ್ಲಿಯೇ ಏಕೆ ನಡೆಸಬಾರದು? ಮಾತು ಹೊರಗೆ ಹೋಗುವುದಿಲ್ಲ, ಚಂದಾ ಕಟ್ಟಬೇಕಿಲ್ಲ, ಇಂಟರ್‌ನೆಟ್ ಕಡಿದುಹೋದರೂ ಕೆಲಸ ನಿಲ್ಲುವುದಿಲ್ಲ.

ಕೆಲವು ವರ್ಷಗಳಿಂದ ಸಂಶೋಧಕರು ಈ ಆಸೆಯ ಬೆನ್ನು ಹತ್ತಿದ್ದಾರೆ. ಪ್ರಬಂಧಗಳು ಬರುತ್ತಿವೆ, ಮುಕ್ತ ತಂತ್ರಾಂಶಗಳು ಬಂದಿವೆ, ನಾಲ್ಕಾರು ಸಾಧನಗಳನ್ನು ಜೋಡಿಸಿಟ್ಟು ಉತ್ತರ ಮೂಡಿಸುವ ವೀಡಿಯೊಗಳೂ ಹರಿದಾಡುತ್ತಿವೆ. ಆ ಉತ್ಸಾಹದಲ್ಲಿ ಎರಡು ಬೇರೆ ಬೇರೆ ಮಾತುಗಳು ಕಲಸಿಹೋಗಿವೆ ಎಂಬುದು ನನ್ನ ತಕರಾರು. ಸಾಧನಗಳು ಕೂಡಿದರೆ ಅವುಗಳ ಮೆಮೊರಿ ಕೂಡುತ್ತದೆ, ಇದು ನಿಜ. ವೇಗವೂ ಹಾಗೆಯೇ ಕೂಡುತ್ತದೆ ಎಂದುಕೊಂಡರೆ ಲೆಕ್ಕ ಎಡವುತ್ತದೆ. ಎಲ್ಲಿ ಎಡವುತ್ತದೆ ಎನ್ನುವುದೇ ಈ ವಿಷಯದ ಸ್ವಾರಸ್ಯ.

ಭಾಷಾ ಮಾದರಿ ಎಂದರೆ ಕೊನೆಗೂ ಸಂಖ್ಯೆಗಳ ದೊಡ್ಡ ರಾಶಿ. 2024ರ ಏಪ್ರಿಲ್‌ನಲ್ಲಿ ಮೆಟಾ ಬಿಡುಗಡೆ ಮಾಡಿದ ಲಾಮಾ 3 ಮಾದರಿಯ ದೊಡ್ಡ ಆವೃತ್ತಿಯಲ್ಲಿ ಪ್ಯಾರಾಮೀಟರ್ ಎಂದು ಕರೆಯುವ ಇಂಥ ಸಂಖ್ಯೆಗಳು 7,000 ಕೋಟಿ ಇವೆ, ಚಿಕ್ಕದರಲ್ಲಿ 800 ಕೋಟಿ. ಒಂದೊಂದು ಸಂಖ್ಯೆಯನ್ನು 16 ಬಿಟ್‌ನಲ್ಲಿ ಇಟ್ಟರೆ ದೊಡ್ಡದಕ್ಕೆ 140 ಜಿಬಿ ಮೆಮೊರಿ ಬೇಕು. ನಿಖರತೆಯನ್ನು ಸ್ವಲ್ಪ ಬಿಟ್ಟುಕೊಟ್ಟು 4 ಬಿಟ್‌ಗೆ ಇಳಿಸಿದರೆ 35 ಜಿಬಿ. ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಇರುವುದೇ 8, 12 ಅಥವಾ 16 ಜಿಬಿ. ಅದರಲ್ಲೂ ಆಪರೇಟಿಂಗ್ ಸಿಸ್ಟಂ ತನ್ನ ಪಾಲನ್ನು ಮೊದಲೇ ಎತ್ತಿಕೊಂಡಿರುತ್ತದೆ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ಸಾಧನದಲ್ಲಿ ಹಿಡಿಸುವ ಪುಟ್ಟ ಮಾದರಿಗಳ ದಾರಿ ಹಿಡಿದವು. 2023ರ ಡಿಸೆಂಬರ್‌ನಲ್ಲಿ ಬಂದ ಗೂಗಲ್‌ನ ಜೆಮಿನೈ ನ್ಯಾನೋ 180 ಕೋಟಿ ಮತ್ತು 325 ಕೋಟಿ ಪ್ಯಾರಾಮೀಟರ್‌ಗಳ ಎರಡು ಅಳತೆಯಲ್ಲಿತ್ತು. ಆಪಲ್ 2024ರಲ್ಲಿ ತೋರಿಸಿದ ಸಾಧನದೊಳಗಿನ ಮಾದರಿ ಸುಮಾರು 300 ಕೋಟಿಯದು. ಸಂದೇಶವನ್ನು ತಿದ್ದಲು, ಸಾರಾಂಶ ಹೇಳಲು ಇವು ಸಾಕು. ಜಟಿಲ ಪ್ರಶ್ನೆ ಕೇಳಿದರೆ ಎಡವುತ್ತವೆ.

ಹಾಗಾದರೆ 35 ಜಿಬಿಯ ಮಾದರಿಯನ್ನು ಐದು ಮೊಬೈಲ್‌ಗಳಿಗೆ ತಲಾ 7 ಜಿಬಿಯಂತೆ ಹಂಚೋಣ. ಈ ಐದು ಮೊಬೈಲ್‌ಗಳನ್ನು ಲೇಖನದ ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ, ಲೆಕ್ಕಕ್ಕೆ ಅನುಕೂಲ.

ಹಂಚುವ ಮುನ್ನ ಮಾದರಿ ಕೆಲಸ ಮಾಡುವ ರೀತಿ ಗೊತ್ತಿರಬೇಕು. ಅದು ಉತ್ತರವನ್ನು ಒಮ್ಮೆಗೇ ಬರೆಯುವುದಿಲ್ಲ. ಒಂದೊಂದೇ ಟೋಕನ್, ಅಂದರೆ ಪದದ ಒಂದೊಂದೇ ತುಣುಕನ್ನು ಹೊರಹಾಕುತ್ತದೆ. ಒಂದು ಟೋಕನ್ ಹುಟ್ಟಬೇಕಾದರೆ ಮಾದರಿಯ ಅಷ್ಟೂ ಸಂಖ್ಯೆಗಳನ್ನು ಮೆಮೊರಿಯಿಂದ ಒಮ್ಮೆ ಓದಬೇಕು. ಮುಂದಿನ ಟೋಕನ್‌ಗೆ ಮತ್ತೆ ಮೊದಲಿನಿಂದ. ಹಿಂದಿನದು ಏನೆಂದು ತಿಳಿಯದೆ ಮುಂದಿನದನ್ನು ಶುರು ಮಾಡುವಂತಿಲ್ಲ. ಆದ್ದರಿಂದ ಇಲ್ಲಿ ವೇಗವನ್ನು ತೀರ್ಮಾನಿಸುವುದು ಗುಣಾಕಾರದ ಶಕ್ತಿಗಿಂತ ಹೆಚ್ಚಾಗಿ ಮೆಮೊರಿಯಿಂದ ಓದುವ ವೇಗ. ಒಳ್ಳೆಯ ಮೊಬೈಲ್‌ನ ಎಲ್‌ಪಿಡಿಡಿಆರ್5ಎಕ್ಸ್ ಮೆಮೊರಿ ಸೆಕೆಂಡಿಗೆ ಸುಮಾರು 68 ಜಿಬಿ ಓದಬಲ್ಲದು. ಡೇಟಾ ಸೆಂಟರ್‌ನಲ್ಲಿರುವ ಎನ್ವಿಡಿಯಾ ಎಚ್100 ಚಿಪ್ ಓದುವುದು ಸೆಕೆಂಡಿಗೆ 3,350 ಜಿಬಿ. ಮೊಬೈಲ್ ತನ್ನ ಪಾಲಿನ 7 ಜಿಬಿ ಓದಿ ಮುಗಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಈ 0.1 ಸೆಕೆಂಡನ್ನು ನೆನಪಿಟ್ಟುಕೊಳ್ಳಿ.

ಮಾದರಿಯನ್ನು ಹಂಚಲು ಎರಡು ದಾರಿಗಳಿವೆ. ಸೌದೆಯ ಹಾಗೆ, ಅಡ್ಡಕ್ಕೆ ಕತ್ತರಿಸಬಹುದು ಇಲ್ಲವೇ ಉದ್ದಕ್ಕೆ ಸೀಳಬಹುದು.

ಲಾಮಾ 3ರ ದೊಡ್ಡ ಮಾದರಿಯಲ್ಲಿ ಸಂಖ್ಯೆಗಳ 80 ಪದರಗಳಿವೆ, ಲೆಕ್ಕ ಅವನ್ನು ಒಂದಾದ ಮೇಲೊಂದರಂತೆ ದಾಟುತ್ತದೆ. ಅಡ್ಡಕ್ಕೆ ಕತ್ತರಿಸಿದರೆ ಮೊದಲ ಮೊಬೈಲ್‌ಗೆ ಮೊದಲ 16 ಪದರ, ಎರಡನೆಯದಕ್ಕೆ ಮುಂದಿನ 16, ಹೀಗೆ. ಒಂದು ತನ್ನ ಕೆಲಸ ಮುಗಿಸಿ 8,192 ಸಂಖ್ಯೆಗಳ ಪಟ್ಟಿಯೊಂದನ್ನು ಮುಂದಿನದಕ್ಕೆ ದಾಟಿಸುತ್ತದೆ. ಈ ಪಟ್ಟಿಯ ತೂಕ ಕೇವಲ 16 ಕೆಬಿ. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ ಇದರ ನೂರು ಪಟ್ಟು ದೊಡ್ಡದು. ವೈಫೈಗೆ ಇದೇನೂ ಭಾರವಲ್ಲ. ಒಂದೊಂದು ದಾಟುವಿಕೆಗೆ 3 ಮಿಲಿಸೆಕೆಂಡ್ ಹಿಡಿದರೂ ಐದಕ್ಕೆ 15. ಆದರೆ ಎರಡನೆಯ ಮೊಬೈಲ್ ದುಡಿಯುವಾಗ ಉಳಿದ ನಾಲ್ಕು ಕೈಕಟ್ಟಿ ಕುಳಿತಿರುತ್ತವೆ. ಐದು ಬಾರಿ 0.1 ಸೆಕೆಂಡ್, ಒಟ್ಟು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಸೆಕೆಂಡಿಗೆ ಎರಡು ಟೋಕನ್ ಕೂಡ ಸರಿಯಾಗಿ ಬರುವುದಿಲ್ಲ. 35 ಜಿಬಿ ಮೆಮೊರಿಗೆ ಜಾಗವಿರುವ ಒಂದೇ ಮೊಬೈಲ್ ಇದ್ದಿದ್ದರೂ ಇಷ್ಟೇ ವೇಗ ಸಿಗುತ್ತಿತ್ತು. ಐದು ಸಾಧನ ಕೂಡಿ ಒಂದರ ವೇಗ! (ಇಂಗ್ಲಿಷ್‌ನಲ್ಲಿ ಪದಕ್ಕೆ ಒಂದೋ ಒಂದೂವರೆಯೋ ಟೋಕನ್ ಸಾಕು, ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಭಾಷೆಗಳಲ್ಲಿ ಒಂದು ಪದ ನಾಲ್ಕೈದು ಟೋಕನ್ ನುಂಗುವುದುಂಟು. ಅಂಥ ಭಾಷೆಯಲ್ಲಿ ಈ ವೇಗಕ್ಕೆ ಉತ್ತರ ಓದುವುದು ತಾಳ್ಮೆಯ ಪರೀಕ್ಷೆ.)

ಐವರು ಬೇರೆ ಬೇರೆ ಪ್ರಶ್ನೆ ಕೇಳುತ್ತಿದ್ದರೆ ಮಾತ್ರ ಐದೂ ಮೊಬೈಲ್‌ಗಳಿಗೆ ಸದಾ ಕೆಲಸವಿರುತ್ತದೆ. ಅಂದರೆ ಈ ದಾರಿಯಲ್ಲಿ ಗುಂಪಿಗೆ ಲಾಭವಿದೆ, ಒಬ್ಬನಿಗೆ ಇಲ್ಲ. ಮನೆಯ ಸಾಧನಗಳ ಮುಂದೆ ಸಾಮಾನ್ಯವಾಗಿ ಇರುವವನು ಒಬ್ಬನೇ.

ಉದ್ದಕ್ಕೆ ಸೀಳುವುದು ಜಾಣತನದ ದಾರಿಯಂತೆ ಕಾಣುತ್ತದೆ. ಪ್ರತಿ ಪದರವನ್ನೂ ಐದು ಪಾಲು ಮಾಡಿ ಐದಕ್ಕೂ ಕೊಟ್ಟರೆ ಎಲ್ಲವೂ ಒಟ್ಟಿಗೇ ದುಡಿಯುತ್ತವೆ. ಓದುವ ಕೆಲಸ 0.1 ಸೆಕೆಂಡಿನಲ್ಲಿ ಮುಗಿಯುತ್ತದೆ. ಎನ್ವಿಡಿಯಾ ಸಂಶೋಧಕರು 2019ರಲ್ಲಿ ಮೆಗಾಟ್ರಾನ್-ಎಲ್‌ಎಂ ಕೆಲಸದಲ್ಲಿ ತೋರಿಸಿಕೊಟ್ಟ ವಿಧಾನ ಇದು, ಈಗ ಡೇಟಾ ಸೆಂಟರ್‌ಗಳಲ್ಲಿ ಸರ್ವೇಸಾಮಾನ್ಯ. ಒಂದು ಷರತ್ತಿದೆ. ಪ್ರತಿ ಪದರದಲ್ಲಿ ಎರಡು ಬಾರಿ ಎಲ್ಲರೂ ತಮ್ಮ ತಮ್ಮ ಅರೆಬರೆ ಉತ್ತರಗಳನ್ನು ಒಂದೆಡೆ ಕೂಡಿಸಿ, ಬಂದ ಮೊತ್ತವನ್ನು ಮತ್ತೆ ಎಲ್ಲರಿಗೂ ಹಂಚಬೇಕು. 80 ಪದರ, ತಲಾ ಎರಡು ಬಾರಿ: ಒಂದೇ ಒಂದು ಟೋಕನ್‌ಗಾಗಿ 160 ಸಭೆ. ಎಚ್100 ಚಿಪ್‌ಗಳು ಒಂದೇ ಪೆಟ್ಟಿಗೆಯೊಳಗೆ ಸೆಕೆಂಡಿಗೆ 900 ಜಿಬಿ ಸಾಗಿಸುವ ಎನ್‌ವಿಲಿಂಕ್ ಜೋಡಣೆಯಲ್ಲಿರುವುದರಿಂದ ಅವುಗಳಿಗೆ ಈ ಸಭೆಗಳು ಲೆಕ್ಕಕ್ಕೇ ಇಲ್ಲ. ವೈಫೈನಲ್ಲಿ?

ಒಂದು ಸಭೆಯನ್ನು ಹತ್ತಿರದಿಂದ ನೋಡೋಣ. ಐದರಲ್ಲಿ ಒಂದು ಸಾಧನ ಮುಖ್ಯಸ್ಥ, ಅದೇ ವೈಫೈ ಹಾಟ್‌ಸ್ಪಾಟ್ ಕೂಡ. ಉಳಿದ ನಾಲ್ಕು ತಲಾ 16 ಕೆಬಿ ಕಳುಹಿಸಬೇಕು. ಮುಖ್ಯಸ್ಥ ಕೂಡಿಸಿ ನಾಲ್ಕಕ್ಕೂ 16 ಕೆಬಿ ಮರಳಿಸಬೇಕು. ಒಟ್ಟು 128 ಕೆಬಿ. ವೈಫೈನಲ್ಲಿ ಗಾಳಿ ಎಲ್ಲರಿಗೂ ಒಂದೇ, ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ನಿಜವಾಗಿ ಕೈಗೆ ಸಿಗುವ ವೇಗ ಸೆಕೆಂಡಿಗೆ 50 ಎಂಬಿ ಎಂದು ಧಾರಾಳವಾಗಿಯೇ ಹಿಡಿದರೂ ಬರೀ ಸಾಗಣೆಗೆ 2.6 ಮಿಲಿಸೆಕೆಂಡ್. ಮುಖ್ಯಸ್ಥ ಹಾಟ್‌ಸ್ಪಾಟ್ ಆಗಿರದೆ ನಡುವೆ ರೂಟರ್ ಬಂದರೆ ದತ್ತಾಂಶದ ಪ್ರತಿ ಪೊಟ್ಟಣವೂ ಗಾಳಿಯಲ್ಲಿ ಎರಡೆರಡು ಬಾರಿ ಹಾರಬೇಕು, ಸಮಯ ದುಪ್ಪಟ್ಟು.

ಇದಕ್ಕೆ ಸರದಿಯ ಶಿಷ್ಟಾಚಾರ ಸೇರಿಸಿ. ವೈಫೈ ಸಾಧನ ಬಾಯಿ ತೆರೆಯುವ ಮುನ್ನ ಕಿವಿಗೊಡುತ್ತದೆ. ಗಾಳಿ ಖಾಲಿಯಿದ್ದರೆ 34 ಮೈಕ್ರೋಸೆಕೆಂಡ್ ಕಾಯುತ್ತದೆ; ಬಳಿಕ ಸೊನ್ನೆಯಿಂದ 15ರ ನಡುವೆ ಮನಸ್ಸಿಗೆ ಬಂದ ಅಂಕಿಯೊಂದನ್ನು ಹಿಡಿದು, ಅಷ್ಟು ಬಾರಿ 9 ಮೈಕ್ರೋಸೆಕೆಂಡ್ ಎಣಿಸಿ, ಆಮೇಲೆ ಮಾತನಾಡುತ್ತದೆ. ಇಬ್ಬರು ಒಂದೇ ಅಂಕಿ ಹಿಡಿದರೆ ಇಬ್ಬರ ಮಾತೂ ಕೆಡುತ್ತದೆ. ಮತ್ತೆ ಕಾಯಬೇಕು, ಈ ಸಲ ಇನ್ನೂ ದೊಡ್ಡ ಅಂಕಿಯವರೆಗೆ. ಸಿನಿಮಾ ನೋಡುವವನಿಗೆ ಇದಾವುದೂ ಗೊತ್ತಾಗುವುದಿಲ್ಲ, ಏಕೆಂದರೆ ಮುಂದಿನ ದೃಶ್ಯ ಮೊದಲೇ ಇಳಿದಿರುತ್ತದೆ. ಚಿಕ್ಕ ಚಿಕ್ಕ ಪೊಟ್ಟಣಗಳನ್ನು ನೂರಾರು ಬಾರಿ ಕಳುಹಿಸಿ ಪ್ರತಿ ಸಲವೂ ಉತ್ತರಕ್ಕೆ ಕಾಯುವವನಿಗೆ ಇದು ಮಂತ್ರಕ್ಕಿಂತ ಉಗುಳೇ ಹೆಚ್ಚಾದ ಕಥೆ. ಬ್ಯಾಟರಿ ಉಳಿಸಲು ಮೊಬೈಲ್ ತನ್ನ ವೈಫೈ ಚಿಪ್ಪನ್ನು ಆಗಾಗ ಮಲಗಿಸುವುದೂ ಉಂಟು. ಆಗ ಅದಕ್ಕೆ ಬಂದ ಪೊಟ್ಟಣಗಳನ್ನು ರೂಟರ್ ತನ್ನ ಬಳಿಯೇ ಇಟ್ಟುಕೊಂಡು, ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಹೊರಡಿಸುವ ಬೀಕನ್ ಸಂಕೇತದಲ್ಲಿ 'ನಿನಗೆ ಕಾಗದ ಬಂದಿದೆ' ಎಂದು ಹೇಳುತ್ತದೆ. ಒಂದೇ ವೈಫೈನಲ್ಲಿರುವ ಲ್ಯಾಪ್‌ಟಾಪ್‌ನಿಂದ ಮೊಬೈಲ್‌ಗೆ ಪಿಂಗ್ ಮಾಡಿ, ಅಂದರೆ ಪುಟ್ಟ ಪೊಟ್ಟಣ ಕಳುಹಿಸಿ ಮರುತ್ತರಕ್ಕೆ ಎಷ್ಟು ಹೊತ್ತಾಗುತ್ತದೆಂದು ಅಳೆದು ನೋಡಿ: ಒಮ್ಮೆ ಮೂರೋ ನಾಲ್ಕೋ ಮಿಲಿಸೆಕೆಂಡ್, ಮರುಕ್ಷಣವೇ ಹತ್ತಾರು. ಆ ಏರುಪೇರೇ ಇಲ್ಲಿನ ಖಳನಾಯಕ.

ಈಗ ಗುಣಿಸಿ. ಸಭೆಯೊಂದಕ್ಕೆ 3 ಮಿಲಿಸೆಕೆಂಡ್ ಎಂದರೆ 160 ಸಭೆಗೆ 0.48 ಸೆಕೆಂಡ್. ಓದುವ 0.1 ಸೇರಿಸಿದರೆ 0.58. ಕೈಕಟ್ಟಿ ಕುಳಿತವರ ಅಡ್ಡಕತ್ತರಿಗಿಂತಲೂ ನಿಧಾನ! ಎಲ್ಲರೂ ಬೆವರು ಸುರಿಸಿ ದುಡಿದರೂ ಉಳಿಸಿದ ಸಮಯವನ್ನೆಲ್ಲ ಸಭೆ ತಿಂದುಹಾಕಿತು. ಸಭೆ 1 ಮಿಲಿಸೆಕೆಂಡಿಗೆ ಇಳಿದರೆ ಸೆಕೆಂಡಿಗೆ ಸುಮಾರು ನಾಲ್ಕು ಟೋಕನ್, 0.1 ಮಿಲಿಸೆಕೆಂಡಿಗೆ ಇಳಿದರೆ ಎಂಟು. ಈ ವಿಷಯದ ಇಡೀ ಭವಿಷ್ಯ ಈ ಮೂರು ಅಂಕಿಗಳ ನಡುವೆ ಎಲ್ಲೋ ಇದೆ.

2024ರಲ್ಲಿ ಪ್ರಕಟವಾದ ಟಿಪಿಐ-ಎಲ್‌ಎಲ್‌ಎಂ ಎಂಬ ಕೆಲಸ ಇದೇ ಮಾತನ್ನು ಎತ್ತಿ ಹೇಳಿತು: ದುರ್ಬಲ ಸಾಧನಗಳು ಕೂಡಿ ದೊಡ್ಡ ಮಾದರಿ ನಡೆಸುವಾಗ ಮುಖ್ಯ ತೊಡಕು ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಎಷ್ಟು ದತ್ತಾಂಶ ಸಾಗಬಲ್ಲದು ಎಂಬ ಅಳತೆ) ಅಲ್ಲ, ಸಂಪರ್ಕದ ವಿಳಂಬ. ಒಬ್ಬನೇ ಬಳಕೆದಾರನಿಗೆ ಉದ್ದಸೀಳೇ ಮೇಲು ಎಂಬುದು ಆ ತಂಡದ ವಾದ. ಅದಕ್ಕಾಗಿ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಸುತ್ತು ಹಾಕುವ ಪದ್ಧತಿ ಬಿಟ್ಟು ಎಲ್ಲರೂ ನೇರ ಒಬ್ಬ ಮುಖ್ಯಸ್ಥನಿಗೆ ಕಳುಹಿಸುವ ನಕ್ಷತ್ರಾಕಾರದ ಸಭೆಯನ್ನು ಆರಿಸಿಕೊಂಡಿತು. ಸಂಪರ್ಕ ಸ್ಥಿರವಾಗಿದ್ದರೆ ಆ ವಾದ ನಿಲ್ಲುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ವೀಡಿಯೊ ಕರೆಯಲ್ಲಿರುವ ಸಾಮಾನ್ಯ ವೈಫೈನಲ್ಲಿ ನಿಲ್ಲುತ್ತದೆಯೇ ಎಂಬುದರ ಬಗ್ಗೆ ನನಗೆ ಅನುಮಾನ.

ಮನೆ ಮನೆಯ ಕಂಪ್ಯೂಟರ್‌ಗಳನ್ನು ಕೂಡಿಸುವ ಕನಸು ಹೊಸದೇನಲ್ಲ. 1999ರಲ್ಲಿ ಶುರುವಾದ ಸೆಟಿ@ಹೋಮ್ ಲಕ್ಷಾಂತರ ಜನರ ಕಂಪ್ಯೂಟರ್‌ಗಳಿಗೆ ರೇಡಿಯೊ ದೂರದರ್ಶಕದ ದತ್ತಾಂಶ ಹಂಚಿ ಅನ್ಯಗ್ರಹ ಜೀವಿಗಳ ಸುಳಿವು ಹುಡುಕಿಸಿತು. ಅದು ನಡೆದದ್ದು ಒಬ್ಬರ ತುಂಡಿಗೂ ಇನ್ನೊಬ್ಬರ ತುಂಡಿಗೂ ಸಂಬಂಧವೇ ಇರಲಿಲ್ಲವಾದ್ದರಿಂದ. ಉತ್ತರ ನಾಳೆ ಬಂದರೂ ಸರಿ. 2022ರಲ್ಲಿ ಬಂದ ಪೆಟಲ್ಸ್ ಯೋಜನೆ 17,600 ಕೋಟಿ ಪ್ಯಾರಾಮೀಟರ್‌ಗಳ ಬ್ಲೂಮ್ ಮಾದರಿಯನ್ನು ಇಂಟರ್‌ನೆಟ್‌ನಲ್ಲಿ ಚದುರಿದ ಸ್ವಯಂಸೇವಕರ ಜಿಪಿಯುಗಳ (ಗ್ರಾಫಿಕ್ಸ್ ಚಿಪ್‌ಗಳ) ಮೇಲೆ ಅಡ್ಡಕ್ಕೆ ಕತ್ತರಿಸಿ ನಡೆಸಿ ತೋರಿಸಿತು. ವೇಗ ಸೆಕೆಂಡಿಗೆ ಸುಮಾರು ಒಂದು ಹೆಜ್ಜೆ, ಅಂದರೆ ಒಂದು ಟೋಕನ್. ಆ ಗಾತ್ರದ ಮಾದರಿಗೆ ಅದು ಸಾಧನೆಯೇ ಸರಿ. ಅವರು ಉದ್ದಕ್ಕೆ ಸೀಳುವ ಗೋಜಿಗೆ ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು.

ನಿಸ್ತಂತು ಸಂಶೋಧಕರು ಈ ಸಭೆಯ ಸಮಸ್ಯೆಗೆ ಕೈಹಾಕಿದ ರೀತಿ ನನಗೆ ತುಂಬ ಇಷ್ಟವಾದದ್ದು. ಅವರು ಕೇಳುವ ಪ್ರಶ್ನೆ ಸರಳ: ಕೊನೆಗೆ ಬೇಕಾಗಿರುವುದು ಮೊತ್ತ ಮಾತ್ರ ತಾನೆ? ಹಾಗಿದ್ದರೆ ಒಬ್ಬೊಬ್ಬರ ಸಂಖ್ಯೆಯನ್ನು ಬೇರೆ ಬೇರೆಯಾಗಿ ಕೇಳಿಸಿಕೊಂಡು ಆಮೇಲೆ ಕೂಡಿಸುವುದೇಕೆ? ಎಲ್ಲರೂ ಒಂದೇ ಕ್ಷಣದಲ್ಲಿ ಮಾತನಾಡಲಿ. ರೇಡಿಯೊ ಅಲೆಗಳು ಗಾಳಿಯಲ್ಲಿ ಒಂದರ ಮೇಲೊಂದು ಬಿದ್ದಾಗ ತಾವಾಗಿಯೇ ಕೂಡಿಕೊಳ್ಳುತ್ತವೆ. ಇಷ್ಟು ದಿನ ನಾವು ಅದನ್ನು ಡಿಕ್ಕಿ ಎಂದು ಬೈದು, ತಪ್ಪಿಸಲು ಸರದಿ, ಕಾಯುವಿಕೆ, ಶಿಷ್ಟಾಚಾರ ಎಲ್ಲ ಕಟ್ಟಿದೆವು. ಡಿಕ್ಕಿಯೇ ಸಂಕಲನ ಎಂದುಕೊಂಡರೆ ಗಾಳಿಯೇ ಕ್ಯಾಲ್ಕುಲೇಟರ್. ಬೊಬಾಕ್ ನೇಜರ್ ಮತ್ತು ಮೈಕೆಲ್ ಗ್ಯಾಸ್ಟ್‌ಪಾರ್ 2007ರಲ್ಲಿ ಈ ಚಿಂತನೆಗೆ ಗಟ್ಟಿಯಾದ ಗಣಿತದ ತಳಹದಿ ಹಾಕಿದರು. ಆಗ ಇಂದಿನ ಬಗೆಯ ಭಾಷಾ ಮಾದರಿಗಳ ಸುದ್ದಿಯೇ ಇರಲಿಲ್ಲ. ಈಗ ಉದ್ದಸೀಳಿನ 160 ಸಂಕಲನಗಳಿಗೆ ಅದನ್ನೇ ಹೊಂದಿಸುವ ಪ್ರಯತ್ನಗಳು ನಡೆದಿವೆ.

ಆದರ್ಶ ಸ್ಥಿತಿಯಲ್ಲಿ ಲಾಭ ಎಷ್ಟು? 20 ಮೆಗಾಹರ್ಟ್ಸ್ ಅಗಲದ ಚಾನಲ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಕೋಟಿ ಸಂಕೇತಗಳು ಹೋಗುತ್ತವೆ, ಒಂದೊಂದರಲ್ಲಿ ಎರಡು ಸಂಖ್ಯೆ ಕೂರಿಸಬಹುದು. 8,192 ಸಂಖ್ಯೆಗಳ ಮೊತ್ತ 0.2 ಮಿಲಿಸೆಕೆಂಡಿನಲ್ಲಿ ಸಿದ್ಧ. ಸಾಧನಗಳು ಐದಿರಲಿ ಐವತ್ತಿರಲಿ, ಸಮಯ ಅಷ್ಟೇ. ಮೊತ್ತವನ್ನು ಒಂದೇ ಪ್ರಸಾರದಲ್ಲಿ ಎಲ್ಲರಿಗೂ ಮರಳಿಸಿದರೆ ಇಡೀ ಸಭೆ ಅರ್ಧ ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿದು, ನಮ್ಮ ಐದು ಮೊಬೈಲ್‌ಗಳು ಸೆಕೆಂಡಿಗೆ ಐದು ಟೋಕನ್ ದಾಟುತ್ತವೆ.

ಕಾಗದದ ಮೇಲೆ. ನಿಜದಲ್ಲಿ, ಅಲೆಗಳು ಕೂಡಬೇಕಾದರೆ ಏರಿಗೆ ಏರು, ಇಳಿವಿಗೆ ಇಳಿವು ಹೊಂದಿಕೊಂಡೇ ಬರಬೇಕು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಮೇಜಿನ ಮೇಲಿದ್ದ ಮೊಬೈಲನ್ನು ಯಾರಾದರೂ ಆರು ಸೆಂಟಿಮೀಟರ್ ಆಚೆ ಸರಿಸಿದರೆ ಏರು ಇರಬೇಕಾದಲ್ಲಿ ಇಳಿವು ಬಂದು ಕೂರುತ್ತದೆ. ಕೂಡಬೇಕಾಗಿದ್ದ ಸಂಖ್ಯೆಯನ್ನು ಕಳೆದಂತಾಗುತ್ತದೆ. ಹಾಗಾಗಿ ಪ್ರತಿ ಸಾಧನವೂ ತನ್ನ ದಾರಿಯ ಸ್ಥಿತಿಯನ್ನು ಮತ್ತೆ ಮತ್ತೆ ಅಳೆದು, ಅದಕ್ಕೆ ತಕ್ಕಂತೆ ಅಲೆಯನ್ನು ಮೊದಲೇ ತಿದ್ದಿ ಕಳುಹಿಸಬೇಕು. ದೂರದಲ್ಲಿರುವ ಅಥವಾ ಗೋಡೆಯ ಹಿಂದಿರುವ ಸಾಧನದ ದನಿ ಕ್ಷೀಣ. ಮೊತ್ತ ಸರಿ ಬರಬೇಕಾದರೆ ಉಳಿದವರೂ ತಮ್ಮ ದನಿಯನ್ನು ಅಷ್ಟಕ್ಕೇ ತಗ್ಗಿಸಬೇಕು. ತಗ್ಗಿಸಿದಷ್ಟೂ ಗದ್ದಲದ ಪಾಲು ಹೆಚ್ಚು. ಆ ಗದ್ದಲ 160 ಸಂಕಲನಗಳಲ್ಲಿ ಒಂದರ ಮೇಲೊಂದು ಸೇರುತ್ತ ಹೋಗುತ್ತದೆ.

ಭಾಷಾ ಮಾದರಿಗಳಿಗೇ ಅಂಟಿದ ಇನ್ನೊಂದು ಕಿರಿಕಿರಿಯೂ ಇದೆ. ದೊಡ್ಡ ಮಾದರಿಗಳೊಳಗಿನ ಸಂಖ್ಯೆಗಳ ಪಟ್ಟಿಯಲ್ಲಿ ಬೆರಳೆಣಿಕೆಯ ಕೆಲವು ಉಳಿದವುಗಳಿಗಿಂತ ಹತ್ತಾರು ಪಟ್ಟು ದೊಡ್ಡದಾಗಿರುತ್ತವೆ. 8 ಬಿಟ್‌ಗೆ ಇಳಿಸುವ ಪ್ರಯತ್ನದಲ್ಲಿ ಸಂಶೋಧಕರು 2022ರಲ್ಲೇ ಇದಕ್ಕೆ ಎಡವಿದ್ದರು. ರೇಡಿಯೊದ ಶಕ್ತಿಗೆ ಮಿತಿಯಿದೆ. ಆ ದೈತ್ಯ ಸಂಖ್ಯೆಯನ್ನು ಮಿತಿಯೊಳಗೆ ಹಿಡಿಸಲು ಇಡೀ ಪಟ್ಟಿಯನ್ನು ಕುಗ್ಗಿಸಿದರೆ, ಸಾಮಾನ್ಯ ಸಂಖ್ಯೆಗಳು ಗದ್ದಲದಲ್ಲಿ ಮುಳುಗುತ್ತವೆ. ದೈತ್ಯರನ್ನು ಬೇರೆಯಾಗಿ ಅಂಕೀಯ ದಾರಿಯಲ್ಲಿ ಕಳುಹಿಸಬಹುದು, ಆದರೆ ಅದು ಮತ್ತೊಂದು ಸರದಿ. ಇದೆಲ್ಲಕ್ಕಿಂತ ಮೊದಲು, ಇಂದಿನ ಮೊಬೈಲ್‌ನ ವೈಫೈ ಚಿಪ್ ಬಿಟ್‌ಗಳನ್ನಷ್ಟೇ ಕಳುಹಿಸುತ್ತದೆ. 'ಈ ಸಂಖ್ಯೆಗೆ ತಕ್ಕ ಎತ್ತರದ ಅಲೆ ಕಳುಹಿಸು' ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಹೊಸ ಚಿಪ್, ಹೊಸ ಮಾನದಂಡ ಬೇಕು. ಸುಂದರ ವಿಚಾರ, ನಮ್ಮ ಜೇಬಿಗೆ ಬರಲು ಬಹಳ ಕಾಲ ಹಿಡಿಯುವ ವಿಚಾರ.

ಈಗಿರುವ ರೇಡಿಯೊದಲ್ಲೇ ಮಾಡಬಹುದಾದದ್ದು ಇನ್ನೊಂದಿದೆ, ಅದರ ಮೇಲೆಯೇ ನನ್ನ ಭರವಸೆ ಹೆಚ್ಚು. ಊಹಿಸಿ ಬರೆದು ಆಮೇಲೆ ಪರಿಶೀಲಿಸುವ ತಂತ್ರ. 2022ರ ಕೊನೆಯಲ್ಲಿ ಗೂಗಲ್ ಸಂಶೋಧಕರು, 2023ರ ಆರಂಭದಲ್ಲಿ ಡೀಪ್‌ಮೈಂಡ್ ಸಂಶೋಧಕರು ಇದನ್ನು ಹೆಚ್ಚುಕಡಿಮೆ ಜೊತೆಜೊತೆಗೇ ಪ್ರಕಟಿಸಿದರು. ನಿಮ್ಮ ಕೈಯಲ್ಲಿರುವ ಮೊಬೈಲ್‌ನಲ್ಲಿ ಸುಮಾರು 100 ಕೋಟಿ ಪ್ಯಾರಾಮೀಟರ್‌ಗಳ ಚಿಕ್ಕ ಮಾದರಿಯೊಂದು, 4 ಬಿಟ್‌ನಲ್ಲಿ ಅರ್ಧ ಜಿಬಿ, ಮುಂದಿನ ಐದು ಟೋಕನ್‌ಗಳನ್ನು ಸರಸರನೆ ಊಹಿಸುತ್ತದೆ. ಹಂಚಿಹೋಗಿರುವ ದೊಡ್ಡ ಮಾದರಿ ಆ ಐದನ್ನೂ ಒಂದೇ ಸುತ್ತಿನಲ್ಲಿ ಪರಿಶೀಲಿಸಿ, ಸರಿಯಿದ್ದಷ್ಟನ್ನು ಒಪ್ಪಿ, ತಪ್ಪಿದಲ್ಲಿ ತನ್ನದೇ ಒಂದು ಟೋಕನ್ ಹಾಕುತ್ತದೆ. ಉತ್ತರದ ಗುಣಮಟ್ಟ ದೊಡ್ಡ ಮಾದರಿಯದೇ. ಚಿಕ್ಕದು ಬರೀ ಕರಡು ಬರೆಯುವ ಗುಮಾಸ್ತ.

ಐದರಲ್ಲಿ ಸರಾಸರಿ ಮೂರು ಒಪ್ಪಿಗೆಯಾದವು ಎಂದುಕೊಳ್ಳಿ. ಅಡ್ಡಕತ್ತರಿಯ ಒಂದು ಸುತ್ತಿಗೆ ಅರ್ಧ ಸೆಕೆಂಡು ಚಿಲ್ಲರೆ, ಊಹೆಗೆ ಇನ್ನೊಂದು 0.04 ಸೆಕೆಂಡ್, ಕೈಗೆ ನಾಲ್ಕು ಟೋಕನ್. ಸೆಕೆಂಡಿಗೆ ಸುಮಾರು ಏಳು! ಗಾಳಿಯಲ್ಲಿ ಕೂಡಿಸುವ ಆದರ್ಶ ಲೆಕ್ಕವನ್ನೂ ಇದು ಮೀರಿಸಿತು, ಅದೂ ಯಾವ ಹೊಸ ಚಿಪ್ಪೂ ಇಲ್ಲದೆ. ಕಾಯುವಿಕೆಯನ್ನು ಕಡಿಮೆ ಮಾಡಲಾಗದಿದ್ದರೆ, ಒಂದು ಕಾಯುವಿಕೆಯಲ್ಲಿ ಹೆಚ್ಚು ಸಾಮಾನು ಸಾಗಿಸು ಎಂಬ ತರ್ಕ. ತಮಾಷೆಯೆಂದರೆ ಇದೇ ತಂತ್ರವನ್ನು ವೈಫೈ ಮೇಲಿನ ಉದ್ದಸೀಳಿಗೆ ಹಚ್ಚಿದರೆ ಕೆಡುತ್ತದೆ: ಊಹೆಯ ಐದು, ಅದರ ಹಿಂದಿನ ಒಂದು ಸೇರಿ ಆರು ಟೋಕನ್‌ಗಳ ಪಟ್ಟಿಗಳು ಒಟ್ಟಿಗೆ ಹೊರಟಾಗ ಪ್ರತಿ ಸಭೆಯ 128 ಕೆಬಿ ಆರು ಪಟ್ಟಾಗಿ, 160 ಸಭೆಗಳಿಗೆ ಎರಡೂವರೆ ಸೆಕೆಂಡ್ ಬೇಕಾಗುತ್ತದೆ. ಅಡ್ಡಕತ್ತರಿಗೆ ಅದೇ ಆರು ಪಟ್ಟಿನಿಂದ ತಗಲುವುದು ಹತ್ತೇ ಮಿಲಿಸೆಕೆಂಡ್. ಯಾವ ತಂತ್ರ ಒಳ್ಳೆಯದು ಎಂದು ಒಂದನ್ನೇ ಹಿಡಿದು ಕೇಳಿದರೆ ಉತ್ತರವಿಲ್ಲ, ಜೋಡಿ ನೋಡಬೇಕು.

ಪರಿಣತರ ಮಿಶ್ರಣ ಎಂಬ ವಿನ್ಯಾಸವೂ ಹಂಚಿಕೆಗೆ ಒಗ್ಗುತ್ತದೆ; ಇಲ್ಲಿ ಪರಿಣತ ಎಂದರೆ ಪದರದೊಳಗಿನ ಒಂದು ಬಿಡಿ ಭಾಗ, ಬೇಕಾದಾಗ ಮಾತ್ರ ದುಡಿಯುವಂಥದ್ದು. 2023ರ ಡಿಸೆಂಬರ್‌ನಲ್ಲಿ ಬಂದ ಮಿಕ್ಸ್‌ಟ್ರಲ್ 8x7ಬಿ ಮಾದರಿಯಲ್ಲಿ ಒಟ್ಟು 4,670 ಕೋಟಿ ಪ್ಯಾರಾಮೀಟರ್‌ಗಳಿದ್ದರೂ ಪ್ರತಿ ಟೋಕನ್‌ಗೆ ದುಡಿಯುವುದು 1,290 ಕೋಟಿ. ಪ್ರತಿ ಪದರದ ಎಂಟು ಪರಿಣತರಲ್ಲಿ ಇಬ್ಬರಿಗೆ ಮಾತ್ರ ಕೆಲಸ. ಪರಿಣತರನ್ನು ಸಾಧನಗಳಿಗೆ ಹಂಚಿ, ಇಬ್ಬರ ಯೋಗ್ಯತೆ ಹತ್ತಿರ ಹತ್ತಿರವಿದ್ದರೆ ಸಿಗ್ನಲ್ ಚೆನ್ನಾಗಿರುವವನನ್ನು ಆರಿಸುವುದು ನಿಸ್ತಂತು ಸಂಶೋಧಕರ ಉಪಾಯ. 32 ಪದರಗಳಿಗೆ 32 ಬಾರಿ ಹೋಗಿ ಬರುವುದು ಮಾತ್ರ ತಪ್ಪುವುದಿಲ್ಲ.

ಇಲ್ಲಿಯವರೆಗಿನ ಲೆಕ್ಕವೆಲ್ಲ ಉತ್ತರ ಬರೆಯುವ ಹಂತದ್ದು. ಪ್ರಶ್ನೆಯನ್ನು ಓದುವ ಹಂತದ ಸ್ವಭಾವವೇ ಬೇರೆ. 2,000 ಟೋಕನ್‌ಗಳ ದಾಖಲೆಯೊಂದನ್ನು ಕೊಟ್ಟು ಸಾರಾಂಶ ಕೇಳಿದರೆ ಒಂದೊಂದು ದಾಟುವಿಕೆಯಲ್ಲಿ 16 ಕೆಬಿಯ ಬದಲು 32 ಎಂಬಿ ಸಾಗಬೇಕು. ಮಾಡಬೇಕಾದ ಲೆಕ್ಕಾಚಾರ ಸುಮಾರು 280 ಲಕ್ಷ ಕೋಟಿ. ಇಲ್ಲಿ ಬ್ಯಾಂಡ್‌ವಿಡ್ತ್ ಕೂಡ, ಗುಣಾಕಾರದ ಶಕ್ತಿ ಕೂಡ ಮುಖ್ಯ. ಮೊಬೈಲ್ ಗುಂಪು ಇಲ್ಲಿಯೇ ಅತಿ ಹೆಚ್ಚು ಏದುಸಿರು ಬಿಡುವುದು. ಪ್ರದರ್ಶನಗಳಲ್ಲಿ ಪ್ರಶ್ನೆ ಯಾವಾಗಲೂ ಒಂದೇ ಸಾಲಿನದಾಗಿರುವುದು ಆಕಸ್ಮಿಕವಲ್ಲ.

ಇನ್ನು ಗುಂಪು ಎಂದ ಮೇಲೆ ಗುಂಪಿನ ಗೋಳು. ಡೇಟಾ ಸೆಂಟರ್‌ನ ಎಂಟು ಚಿಪ್‌ಗಳು ಅಚ್ಚಿನಲ್ಲಿ ಎರೆದಂತೆ ಒಂದೇ ಬಗೆಯವು. ಮನೆಯ ಸಾಧನಗಳಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಉದ್ದಸೀಳಿನಲ್ಲಿ ಎಲ್ಲರ ವೇಗ ಅತಿ ನಿಧಾನದವನ ವೇಗ. ಶಕ್ತಿಗೆ ತಕ್ಕಂತೆ ಪಾಲು ಹಂಚಬಹುದು, ಆದರೆ ಫ್ಯಾನ್ ಇಲ್ಲದ ಮೊಬೈಲ್ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಬೆಳಿಗ್ಗೆ ಮಾಡಿದ ಹಂಚಿಕೆ ಹತ್ತು ನಿಮಿಷದಲ್ಲಿ ಹಳತಾಗುತ್ತದೆ. 5,000 ಎಂಎಎಚ್ ಬ್ಯಾಟರಿಯಲ್ಲಿರುವುದು ಸುಮಾರು 19 ವ್ಯಾಟ್-ಗಂಟೆ. 5 ವ್ಯಾಟ್ ಎಳೆದರೆ ನಾಲ್ಕು ಗಂಟೆಯೊಳಗೆ ಖಾಲಿ.

ಮಾತುಕತೆಯ ನಡುವೆ ಒಬ್ಬರು ತಮ್ಮ ಮೊಬೈಲ್ ಎತ್ತಿಕೊಂಡು ಹೊರಗೆ ಹೊರಟರೆ? ಅದರ ಜೊತೆ 16 ಪದರಗಳೂ ಹೊರಟವು. ಪದರಗಳ ನಕಲು ಬೇರೆಡೆ ಇದ್ದರೂ ಸಾಲದು. ಇದುವರೆಗಿನ ಸಂಭಾಷಣೆಯ ನೆನಪು, ಟೋಕನ್ ಒಂದಕ್ಕೆ ಒಟ್ಟು 320 ಕೆಬಿಯಂತೆ, ಆಯಾ ಪದರಗಳ ಬಳಿಯೇ ಇರುತ್ತದೆ. 8,000 ಟೋಕನ್‌ಗಳ ಸಂಭಾಷಣೆಯಾಗಿದ್ದರೆ ಹೊರಟವನ ಜೇಬಿನಲ್ಲಿ ಅರ್ಧ ಜಿಬಿ ನೆನಪು. ಪೆಟಲ್ಸ್ ಇದಕ್ಕೆ ಒಂದು ಉಪಾಯ ಮಾಡಿತ್ತು: ಪ್ರಶ್ನೆ ಕೇಳುವವನ ಕಂಪ್ಯೂಟರ್ ತಾನು ಪ್ರತಿಯೊಬ್ಬರಿಗೂ ಕಳುಹಿಸಿದ್ದನ್ನು ಎತ್ತಿಟ್ಟುಕೊಂಡಿರುತ್ತದೆ, ಬದಲಿ ಸಾಧನ ಸಿಕ್ಕಾಗ ಅದನ್ನೇ ಮತ್ತೆ ಕಳುಹಿಸಿ ನೆನಪು ಕಟ್ಟಿಸುತ್ತದೆ.

ಗೋಪ್ಯತೆಯ ಬಗ್ಗೆ ಒಂದು ಮಾತು, ಏಕೆಂದರೆ ಈ ಕನಸನ್ನು ಮಾರುವವರು ಮೊದಲು ಹೇಳುವುದೇ ಅದು. ಸ್ವಂತ ಸಾಧನಗಳೊಳಗೆ ನಡೆದರೆ ಗೋಪ್ಯತೆ ನಿಜ. ಅಪರಿಚಿತರ ಸಾಧನಗಳೂ ಸೇರಿದರೆ ಅಲ್ಲ. 'ನಿಮ್ಮ ಪಠ್ಯ ಹೋಗುವುದಿಲ್ಲ, ಬರೀ ಸಂಖ್ಯೆಗಳು ಹೋಗುತ್ತವೆ' ಎಂಬ ಸಮಾಧಾನ ಟೊಳ್ಳು. ಪಠ್ಯವನ್ನು ಪ್ರತಿನಿಧಿಸುವ ಸಂಖ್ಯೆಗಳ ಪಟ್ಟಿಯೊಂದರಿಂದಲೇ 32 ಟೋಕನ್‌ಗಳ ಪಠ್ಯವನ್ನು ಶೇ 92ರಷ್ಟು ಸಲ ಅಕ್ಷರಶಃ ಮರಳಿ ಪಡೆಯಬಹುದೆಂದು 2023ರ ಅಧ್ಯಯನವೊಂದು ತೋರಿಸಿದೆ. ಅಪರಿಚಿತ ಸಾಧನ ಬೇಕೆಂದೇ ತಪ್ಪು ಮೊತ್ತ ಕಳುಹಿಸಿದರೆ ಹಿಡಿಯುವುದು ಹೇಗೆ ಎಂಬುದು ಬೇರೆಯೇ ತಲೆನೋವು.

ಮನೆಯ ಸಾಧನಗಳಲ್ಲೇ ನಡೆಸಿದರೆ ವಿದ್ಯುತ್ ಉಳಿಯುತ್ತದೆ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಡೇಟಾ ಸೆಂಟರ್‌ನಲ್ಲಿ ಮೆಮೊರಿಯಿಂದ ಒಮ್ಮೆ ಓದಿದ ಪ್ಯಾರಾಮೀಟರ್ ಹತ್ತಾರು ಬಳಕೆದಾರರ ಟೋಕನ್‌ಗಳಿಗೆ ಏಕಕಾಲಕ್ಕೆ ಉಪಯೋಗವಾಗುತ್ತದೆ. ನಮ್ಮ ಐದು ಮೊಬೈಲ್‌ಗಳು ಒಬ್ಬನ ಒಂದು ಟೋಕನ್‌ಗಾಗಿ 35 ಜಿಬಿಯನ್ನೂ ಓದುತ್ತವೆ. ಬಸ್ಸಿಗೂ ಬಾಡಿಗೆ ಕಾರಿಗೂ ಇರುವ ವ್ಯತ್ಯಾಸ ಇದು. ಕಾರು ಬೇಕಾಗುವ ಸಂದರ್ಭಗಳಿವೆ, ಆದರೆ ಇಂಧನ ಉಳಿಸಲೆಂದು ಯಾರೂ ಕಾರು ಹತ್ತುವುದಿಲ್ಲ.

ಮಾನದಂಡ ರೂಪಿಸುವವರು ಈ ಕಡೆ ಕಣ್ಣಿಟ್ಟಿದ್ದಾರೆ. 5ಜಿ ಮಾನದಂಡಗಳ ಒಕ್ಕೂಟವಾದ 3ಜಿಪಿಪಿ ತನ್ನ 18ನೇ ಆವೃತ್ತಿಗಾಗಿ ನಡೆಸಿದ ಅಧ್ಯಯನದಲ್ಲಿ ಎಐ ಕೆಲಸವನ್ನು ಸಾಧನ ಮತ್ತು ಜಾಲದ ನಡುವೆ ಸೀಳುವುದೂ ಒಂದು ವಿಷಯವಾಗಿತ್ತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2023ರಲ್ಲಿ ಒಪ್ಪಿದ 6ಜಿ ಚೌಕಟ್ಟಿನ ಆರು ಬಳಕೆಗಳಲ್ಲಿ 'ಎಐ ಮತ್ತು ಸಂವಹನ' ಒಂದು. ಹೊಸ ತಲೆಮಾರಿನ ಜಾಲ ಮಾರಲು ಕಂಪನಿಗಳಿಗೆ ಒಂದು ಕಾರಣ ಬೇಕೇ ಬೇಕು ಎಂಬುದನ್ನು ಬದಿಗಿಟ್ಟು ನೋಡಿದರೂ, ಸರದಿಯನ್ನು ಅದೃಷ್ಟಕ್ಕೆ ಬಿಡದೆ ಮೊದಲೇ ನಿಗದಿ ಮಾಡುವ ಜಾಲದಲ್ಲಿ ವಿಳಂಬದ ಏರುಪೇರು ಕಡಿಮೆ. ನಮ್ಮ ಲೆಕ್ಕದ 3 ಮಿಲಿಸೆಕೆಂಡನ್ನು 1ಕ್ಕೆ ಇಳಿಸಬಲ್ಲದ್ದು ಬಹುಶಃ ಅದೇ.

ಸದ್ಯಕ್ಕೆ ಯಾರಾದರೂ ನನ್ನನ್ನು ಕೇಳಿದರೆ ಹೇಳುವ ಜೋಡಣೆ ಹೀಗಿದೆ: ದೊಡ್ಡ ಮಾದರಿ ಗೋಡೆಯ ಪ್ಲಗ್‌ಗೆ ಸಿಕ್ಕಿಸಿದ, ಫ್ಯಾನ್ ಇರುವ, ಹೆಚ್ಚು ಮೆಮೊರಿಯ ಒಂದೋ ಎರಡೋ ಪೆಟ್ಟಿಗೆಗಳಲ್ಲಿರಲಿ, ಎರಡಾದರೆ ನಡುವೆ ಕೇಬಲ್ ಇರಲಿ. ಮೊಬೈಲ್ ಕರಡು ಬರೆಯುವ ಗುಮಾಸ್ತನ ಕೆಲಸ ಮಾಡಲಿ. ಗಾಳಿಯಲ್ಲಿ ಹೋಗುವುದು ಸುತ್ತಿಗೆ ಐದಾರು ಟೋಕನ್‌ಗಳಷ್ಟೇ ಆಗಿರಲಿ. ಹತ್ತು ಸಾಧನಗಳ ಮೆರವಣಿಗೆಯ ವೀಡಿಯೊ ಕಂಡಾಗ ನಾನು ಮೊದಲು ಮೇಜಿನ ಹಿಂಭಾಗ ನೋಡುತ್ತೇನೆ. ಹೆಚ್ಚಿನ ಸಲ ಅಲ್ಲೊಂದು ಕೇಬಲ್ ಕಾಣುತ್ತದೆ.